ನೆರೆಮನೆಯ ಹೊರದೀಪದ ಬೆಳಕಿನಿಂದ ತೊಂದರೆ: ನಾಗರಿಕರು ಅನುಸರಿಸಬೇಕಾದ ಕ್ರಮಗಳು

1. ಪೀಠಿಕೆ

ನಗರ ಪ್ರದೇಶಗಳಲ್ಲಿ 20x30 ಮತ್ತು 30x40 ಅಡಿ ಅಳತೆಯ ನಿವೇಶನಗಳಲ್ಲಿ ಮನೆಗಳು ಒತ್ತೊತ್ತಾಗಿ ನಿರ್ಮಾಣವಾಗಿರುತ್ತವೆ. ಎರಡು ಮನೆಗಳ ಗೋಡೆಗಳ ನಡುವೆ ಕೆಲವೇ ಅಡಿಗಳ ಅಂತರವಿರುವುದರಿಂದ, ಒಂದು ಮನೆಯ ತಾರಸಿ, ಸಜ್ಜಾ ಅಥವಾ ಕಾಂಪೌಂಡ್ ಗೋಡೆಯ ಮೇಲೆ ಅಳವಡಿಸಿದ ದೀಪದ ಬೆಳಕು ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬೀಳುವ ಸಂದರ್ಭಗಳು ಉಂಟಾಗುತ್ತವೆ. ಇದರಿಂದ ರೋಗಿಗಳು, ವಯೋವೃದ್ಧರು, ಹಸುಗೂಸುಗಳು, ಪರೀಕ್ಷೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಹಾಗೂ ಬೆಳಗಿನ ಪಾಳಿಗೆ ಹೊರಡಬೇಕಾದ ಕಾರ್ಮಿಕರ ನಿದ್ರೆಗೆ ಭಂಗವಾಗುತ್ತದೆ.

ಮತ್ತೊಂದೆಡೆ, ಹೊರದೀಪವನ್ನು ಅಳವಡಿಸಿಕೊಂಡವರ ಅಗತ್ಯವೂ ನಿಜವಾದದ್ದೇ ಆಗಿರುತ್ತದೆ. ಕಳ್ಳತನದ ಭಯ, ವಾಹನಗಳ ಸುರಕ್ಷತೆ, ರಾತ್ರಿ ತಡವಾಗಿ ಮನೆಗೆ ಹಿಂತಿರುಗುವ ಮಹಿಳೆಯರ ಸುರಕ್ಷತೆ, ಮೆಟ್ಟಿಲು ಕಾಣದೆ ವೃದ್ಧರು ಬೀಳಬಹುದೆಂಬ ಆತಂಕ ಇವುಗಳಲ್ಲಿ ಸೇರಿವೆ. ಆದ್ದರಿಂದ ಇಂತಹ ಪ್ರಕರಣಗಳಲ್ಲಿ ದೀಪವನ್ನು ಆರಿಸುವುದಕ್ಕಿಂತ ಅದರ ದಿಕ್ಕು, ಪ್ರಮಾಣ ಮತ್ತು ವೇಳೆಯನ್ನು ಸರಿಪಡಿಸುವುದೇ ಸೂಕ್ತ ಪರಿಹಾರವಾಗಿರುತ್ತದೆ. ಬಾಧಿತ ನಾಗರಿಕರು ಯಾವ ಹಂತದಲ್ಲಿ ಯಾರನ್ನು ಸಂಪರ್ಕಿಸಬೇಕು, ಯಾವ ದಾಖಲೆಗಳನ್ನು ಇಟ್ಟುಕೊಳ್ಳಬೇಕು ಮತ್ತು ಕಾನೂನಿನಲ್ಲಿ ಲಭ್ಯವಿರುವ ಪರಿಹಾರಗಳು ಯಾವುವು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ತೊಂದರೆಯ ಸ್ವರೂಪ

ಹಿಂದೆ ಮನೆಯ ಹೊರಗೆ ಉರಿಯುತ್ತಿದ್ದ 60 ವ್ಯಾಟ್‌ನ ಸಾಮಾನ್ಯ ಬಲ್ಬು ಸುಮಾರು 700 ಲ್ಯೂಮೆನ್ ಬೆಳಕನ್ನು ನೀಡುತ್ತಿತ್ತು. ಇಂದು ಬಳಕೆಯಲ್ಲಿರುವ ಎಲ್ಇಡಿ ದೀಪಗಳು ಪ್ರತಿ ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಬೆಳಕನ್ನು ನೀಡುತ್ತವೆ. ಅಂದರೆ, ಸಾರ್ವಜನಿಕರು ಫೋಕಸ್ ಲೈಟ್ ಎಂದು ಕರೆಯುವ 50 ವ್ಯಾಟ್‌ನ ಒಂದು ಎಲ್ಇಡಿ ದೀಪವು ಹಳೆಯ ಏಳು ಬಲ್ಬುಗಳಿಗೆ ಸಮನಾದ ಬೆಳಕನ್ನು ಒಂದೇ ದಿಕ್ಕಿಗೆ ಚೆಲ್ಲುತ್ತದೆ. ವ್ಯಾಟ್ ಸಂಖ್ಯೆ ಹಾಗೂ ವಿದ್ಯುತ್ ಬಿಲ್ಲು ಕಡಿಮೆ ಇರುವುದರಿಂದ ದೀಪದ ಮಾಲೀಕರಿಗೆ ಇದು ಗಮನಕ್ಕೆ ಬಾರದೇ ಇರಬಹುದು.

ಒಂದು ಸ್ಥಳದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ 0.3 ಲಕ್ಸ್‌ನಷ್ಟಿರುತ್ತದೆ. ಕಿಟಕಿಗೆ ನೇರವಾಗಿ ಮುಖ ಮಾಡಿದ 50 ವ್ಯಾಟ್‌ನ ಅಗಲ ಕಿರಣದ ಎಲ್ಇಡಿ ದೀಪವು 4 ಮೀಟರ್ ದೂರದಲ್ಲಿದ್ದರೆ, ಆ ಕಿಟಕಿಯ ಮೇಲೆ ಅಂದಾಜು 100 ಲಕ್ಸ್ ಬೆಳಕು ಬೀಳುತ್ತದೆ. ಅದೇ ದೀಪವನ್ನು 8 ಮೀಟರ್ ದೂರಕ್ಕೆ ಸರಿಸಿದಲ್ಲಿ ಬೆಳಕು ನಾಲ್ಕನೇ ಒಂದು ಭಾಗಕ್ಕೆ, ಅಂದರೆ 25 ಲಕ್ಸ್‌ಗೆ ಇಳಿಯುತ್ತದೆ. ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 2017 ರಲ್ಲಿ ಪರಿಷ್ಕರಿಸಿದ ತನ್ನ ಮಾರ್ಗಸೂಚಿಯಲ್ಲಿ, ತಡರಾತ್ರಿಯ ವೇಳೆ ಮನೆಗಳ ಕಿಟಕಿಯ ಮೇಲೆ ಬೀಳುವ ಹೊರಗಿನ ಬೆಳಕು ಹೊರವಲಯದ ವಸತಿ ಪ್ರದೇಶಗಳಲ್ಲಿ 2 ಲಕ್ಸ್ ಹಾಗೂ ನಗರದ ಕೇಂದ್ರ ಭಾಗಗಳಲ್ಲಿ 5 ಲಕ್ಸ್ ಮೀರಬಾರದೆಂದು ಸೂಚಿಸಿದೆ. ಈ ಮಾರ್ಗಸೂಚಿಯು ನಮ್ಮಲ್ಲಿ ಕಾನೂನಾಗಿ ಜಾರಿಯಲ್ಲಿರುವುದಿಲ್ಲ. ಆದರೆ ತೊಂದರೆಯ ಪ್ರಮಾಣವನ್ನು ಅರಿಯಲು ಉಪಯುಕ್ತವಾಗಿರುತ್ತದೆ.

ಮೇಲ್ಕಂಡ ಲೆಕ್ಕದಿಂದ ದೀಪವನ್ನು ದೂರ ಸರಿಸುವುದೊಂದೇ ಸಾಲದು, ಅದರ ಮುಖವನ್ನು ತಿರುಗಿಸುವುದು ಅವಶ್ಯಕ ಎಂಬುದು ಸ್ಪಷ್ಟವಾಗುತ್ತದೆ. ರಾತ್ರಿಯ ವೇಳೆ ಕಣ್ಣಿಗೆ ಬೀಳುವ ಬೆಳಕು ನಿದ್ರೆಗೆ ಸಹಕಾರಿಯಾದ ಮೆಲಟೋನಿನ್ ಎಂಬ ಹಾರ್ಮೋನಿನ ಉತ್ಪತ್ತಿಯನ್ನು ತಗ್ಗಿಸುತ್ತದೆ. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿನಲ್ಲಿ ಈ ಪರಿಣಾಮ ಹೆಚ್ಚಾಗಿರುತ್ತದೆ.

3. ಕಾನೂನಿನ ಸ್ಥಿತಿ

ಶಬ್ದದ ವಿಷಯದಲ್ಲಿ ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ನಿರ್ವಹಣೆ) ನಿಯಮಗಳು, 2000 ಜಾರಿಯಲ್ಲಿದ್ದು, ವಸತಿ ಪ್ರದೇಶಗಳಲ್ಲಿ ರಾತ್ರಿ 10.00 ರಿಂದ ಬೆಳಿಗ್ಗೆ 6.00 ರವರೆಗೆ 45 ಡೆಸಿಬೆಲ್ ಮಿತಿಯನ್ನು ನಿಗದಿಪಡಿಸಲಾಗಿದೆ. ಮನೆಯ ಹೊರದೀಪಗಳಿಗೆ ಸಂಬಂಧಿಸಿದಂತೆ ಇಷ್ಟೇ ಲಕ್ಸ್ ಎಂದು ಮಿತಿ ವಿಧಿಸುವ ಅಂತಹ ಪ್ರತ್ಯೇಕ ನಿಯಮಗಳು ನಮ್ಮಲ್ಲಿ ಇರುವುದಿಲ್ಲ. ಇಂಗ್ಲೆಂಡ್‌ನಲ್ಲಿ 2006 ರಿಂದ ಕೃತಕ ಬೆಳಕನ್ನು ಶಾಸನಬದ್ಧ ಉಪದ್ರವಗಳ ಪಟ್ಟಿಗೆ ಸೇರಿಸಲಾಗಿದೆ. ನಮ್ಮಲ್ಲಿ ಬೆಳಕಿನ ತೊಂದರೆಯನ್ನು ಉಪದ್ರವಕ್ಕೆ ಸಂಬಂಧಿಸಿದ ಸಾಮಾನ್ಯ ಕಾನೂನಿನಡಿಯಲ್ಲಿಯೇ ಪರಿಗಣಿಸಬೇಕಾಗುತ್ತದೆ. ಇದರಲ್ಲಿ ಎರಡು ವಿಧಗಳಿದ್ದು, ಅರ್ಜಿದಾರರು ಇವುಗಳ ವ್ಯತ್ಯಾಸವನ್ನು ಅರಿತಿರುವುದು ಅತ್ಯಗತ್ಯ.

(ಅ) ಖಾಸಗಿ ಉಪದ್ರವ: ಒಂದು ಮನೆಯ ದೀಪದಿಂದ ಇನ್ನೊಂದು ಮನೆಯ ನಿವಾಸಿಗಳಿಗೆ ಮಾತ್ರ ತೊಂದರೆಯಾದಲ್ಲಿ ಅದು ಖಾಸಗಿ ಉಪದ್ರವವಾಗಿದ್ದು, ಸಿವಿಲ್ ಸ್ವರೂಪದ ವಿವಾದವಾಗಿರುತ್ತದೆ. ಇದರಲ್ಲಿ ಅಂತಿಮ ಪರಿಹಾರ ನೀಡುವ ಅಧಿಕಾರ ಸಿವಿಲ್ ನ್ಯಾಯಾಲಯಕ್ಕೆ ಇರುತ್ತದೆ.

(ಆ) ಸಾರ್ವಜನಿಕ ಉಪದ್ರವ: ಭಾರತೀಯ ನ್ಯಾಯ ಸಂಹಿತೆ, 2023 ರ ಕಲಂ 270 ರನ್ವಯ, ಸಾರ್ವಜನಿಕರಿಗೆ ಅಥವಾ ಸುತ್ತಮುತ್ತಲಿನ ಸ್ವತ್ತುಗಳಲ್ಲಿ ವಾಸಿಸುವ ಜನರಿಗೆ ಸಾಮಾನ್ಯವಾಗಿ ಹಾನಿ, ಅಪಾಯ ಅಥವಾ ಕಿರುಕುಳ ಉಂಟುಮಾಡುವ ಕೃತ್ಯವು ಸಾರ್ವಜನಿಕ ಉಪದ್ರವವಾಗಿರುತ್ತದೆ. ರಸ್ತೆಯಲ್ಲಿ ಬರುವ ವಾಹನ ಚಾಲಕರ ಕಣ್ಣು ಕುಕ್ಕುವ ದೀಪ ಅಥವಾ ಬೀದಿಯ ಹಲವು ಮನೆಗಳನ್ನು ಬಾಧಿಸುವ ಆಟದ ಮೈದಾನದ ದೀಪಗಳು ಈ ವರ್ಗಕ್ಕೆ ಸೇರಬಹುದು. ಬೇರೆ ಶಿಕ್ಷೆ ನಿಗದಿಯಾಗದ ಸಾರ್ವಜನಿಕ ಉಪದ್ರವಕ್ಕೆ ಕಲಂ 292 ರಡಿ ರೂ. 1000 ದವರೆಗೆ ದಂಡ ವಿಧಿಸಬಹುದಾಗಿದೆ.

4. ಮೊದಲ ಹಂತ: ಮಾತುಕತೆ ಮತ್ತು ಲಿಖಿತ ಮನವಿ

ಬೆಳಕು ಪಕ್ಕದ ಮನೆಯೊಳಗೆ ಹೇಗೆ ಕಾಣುತ್ತದೆ ಎಂಬುದು ದೀಪದ ಮಾಲೀಕರಿಗೆ ತಮ್ಮ ಮನೆಯಿಂದ ತಿಳಿಯುವುದಿಲ್ಲ. ಆದ್ದರಿಂದ ಅವರನ್ನು ಕತ್ತಲಾದ ನಂತರ ಮನೆಗೆ ಆಹ್ವಾನಿಸಿ, ಕೋಣೆಯ ದೀಪವನ್ನು ಆರಿಸಿ ತೋರಿಸುವುದು ಹೆಚ್ಚು ಪರಿಣಾಮಕಾರಿಯಾಗಿರುತ್ತದೆ. ತಡರಾತ್ರಿ ಬಾಗಿಲು ತಟ್ಟುವುದು, ಬೀದಿಯಲ್ಲಿ ನಾಲ್ಕು ಜನರ ಮುಂದೆ ಆಕ್ಷೇಪಿಸುವುದು ಅಥವಾ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಛಾಯಾಚಿತ್ರ ಹಾಕುವುದು ಸೂಕ್ತವಲ್ಲ. ದೀಪವನ್ನು ತೆಗೆಯಲು ಕೇಳುವುದಕ್ಕಿಂತ ಈ ಕೆಳಕಂಡ ಮಾರ್ಪಾಡುಗಳಲ್ಲಿ ಒಂದನ್ನು ಕೋರುವುದು ಉತ್ತಮ:

- ದೀಪದ ಕ್ಲಾಂಪ್ ಸಡಿಲಿಸಿ, ಅದರ ಮುಖವು ನೆಲಕ್ಕೆ ಅಥವಾ ಸ್ವಂತ ಗೇಟಿನ ಕಡೆಗೆ ಇರುವಂತೆ ತಿರುಗಿಸುವುದು. ಇದಕ್ಕೆ ಒಂದು ಸ್ಪ್ಯಾನರ್ ಮತ್ತು ಕೆಲವೇ ನಿಮಿಷಗಳು ಸಾಕಾಗುತ್ತವೆ.
- ದೀಪದ ಮೇಲ್ಭಾಗ ಹಾಗೂ ಪಕ್ಕಕ್ಕೆ ತಗಡಿನ ಮರೆ ಅಳವಡಿಸುವುದು.
- ಜನರ ಓಡಾಟವಾದಾಗ ಮಾತ್ರ ಬೆಳಗುವ ಸೆನ್ಸರ್ ಅಳವಡಿಸುವುದು. ಸೆನ್ಸರ್ ಬೀದಿಯ ಕಡೆಗೆ ಮುಖ ಮಾಡಿದಲ್ಲಿ ಪ್ರತಿ ವಾಹನಕ್ಕೂ ದೀಪ ಹೊತ್ತಿ ಆರುವುದರಿಂದ, ಅದನ್ನು ಸ್ವಂತ ಆವರಣದ ಕಡೆಗೆ ಹೊಂದಿಸತಕ್ಕದ್ದು.
- 50 ವ್ಯಾಟ್ ದೀಪದ ಬದಲಿಗೆ 10 ವ್ಯಾಟ್‌ನ ಅಥವಾ ಅದಕ್ಕೂ ಕಡಿಮೆ ಸಾಮರ್ಥ್ಯದ ದೀಪ ಬಳಸುವುದು. ಗೇಟು ಮತ್ತು ಮೆಟ್ಟಿಲು ಕಾಣಲು ಇಷ್ಟು ಬೆಳಕು ಸಾಕಾಗುತ್ತದೆ.
- 6500 ಕೆಲ್ವಿನ್‌ನ ಬಿಳಿ ದೀಪದ ಬದಲಿಗೆ 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ಇರುವ ಹಳದಿ ಛಾಯೆಯ ದೀಪ ಬಳಸುವುದು. ಈ ಸಂಖ್ಯೆಯು ದೀಪದ ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುತ್ತದೆ.
- ಟೈಮರ್ ಮೂಲಕ ರಾತ್ರಿ ನಿಗದಿತ ವೇಳೆಯ ನಂತರ ದೀಪ ಆರುವಂತೆ ಮಾಡುವುದು.

ಸಿಸಿಟಿವಿ ಕ್ಯಾಮೆರಾಕ್ಕಾಗಿ ದೀಪ ಅಗತ್ಯವೆಂದು ತಿಳಿಸಿದಲ್ಲಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಸಹಾಯದಿಂದ ಕತ್ತಲಿನಲ್ಲಿಯೂ ಚಿತ್ರೀಕರಿಸುವ ಕ್ಯಾಮೆರಾಗಳು ಸಾಮಾನ್ಯ ಬಳಕೆಯಲ್ಲಿರುವುದನ್ನು ಗಮನಕ್ಕೆ ತರಬಹುದು. ಕಣ್ಣು ಕುಕ್ಕುವ ದೀಪದ ಹಿಂಬದಿಯ ಕತ್ತಲಿನಲ್ಲಿ ನಿಂತವರು ಕಾಣುವುದಿಲ್ಲವಾದ್ದರಿಂದ, ನೆಲಕ್ಕೆ ಮುಖ ಮಾಡಿದ ದೀಪವು ಭದ್ರತೆಯ ದೃಷ್ಟಿಯಿಂದಲೂ ಉತ್ತಮವಾಗಿರುತ್ತದೆ.

ಮೌಖಿಕ ಕೋರಿಕೆಯಿಂದ ಪರಿಹಾರ ದೊರೆಯದಿದ್ದಲ್ಲಿ ಲಿಖಿತ ಮನವಿಯನ್ನು ನೀಡಿ, ಅದರ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ನೇರವಾಗಿ ಸ್ವೀಕರಿಸಲು ನಿರಾಕರಿಸಿದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಶೀದಿಯನ್ನು ಕಾಯ್ದಿರಿಸಿಕೊಳ್ಳಬಹುದು.

ಮನವಿಯ ನಮೂನೆ:

"ಮಾನ್ಯರೇ, ತಮ್ಮ ಮನೆಯ ಮೊದಲನೇ ಮಹಡಿಯ ಸಜ್ಜಾದ ಮೇಲೆ ಅಳವಡಿಸಿರುವ ದೀಪವು ದಿನಾಂಕ ........ ರಿಂದ ರಾತ್ರಿಯಿಡೀ ಉರಿಯುತ್ತಿದ್ದು, ಅದರ ಬೆಳಕು ನಮ್ಮ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬೀಳುತ್ತಿದೆ. ಇದರಿಂದ ಮನೆಯಲ್ಲಿರುವ ........ ಅವರ ನಿದ್ರೆಗೆ ತೊಂದರೆಯಾಗುತ್ತಿದೆ. ತಮ್ಮ ಮನೆಯ ಭದ್ರತೆಗೆ ಧಕ್ಕೆಯಾಗದಂತೆ ಸದರಿ ದೀಪದ ಮುಖವನ್ನು ಕೆಳಕ್ಕೆ ತಿರುಗಿಸಬೇಕೆಂದು ಅಥವಾ ಅದಕ್ಕೆ ಮರೆ ಅಳವಡಿಸಬೇಕೆಂದು ಕೋರುತ್ತೇವೆ. ಇದಕ್ಕೆ ತಗಲುವ ವೆಚ್ಚದಲ್ಲಿ ಪಾಲ್ಗೊಳ್ಳಲು ಸಿದ್ಧರಿದ್ದೇವೆ. ಇಂತಿ ತಮ್ಮ ನೆರೆಹೊರೆಯವರು."

ವೆಚ್ಚದ ಕುರಿತ ವಾಕ್ಯವು ಐಚ್ಛಿಕವಾಗಿರುತ್ತದೆ. ಆದರೆ ಒಂದು ಮರೆಯ ಬೆಲೆಯು ನ್ಯಾಯಾಲಯದ ಒಂದು ದಿನದ ಓಡಾಟಕ್ಕಿಂತ ಕಡಿಮೆ ಎಂಬುದನ್ನು ನಾಗರಿಕರು ಗಮನಿಸುವುದು ಒಳಿತು.

5. ದಾಖಲೆಗಳ ಸಂಗ್ರಹಣೆ

- ದೀಪ ಹೊತ್ತಿದ ಮತ್ತು ಆರಿದ ವೇಳೆಯನ್ನು ದಿನಾಂಕವಾರು ಕನಿಷ್ಠ ಎರಡು ವಾರಗಳ ಕಾಲ ಒಂದು ಪುಸ್ತಕದಲ್ಲಿ ನಮೂದಿಸುವುದು.
- ಛಾಯಾಚಿತ್ರಗಳನ್ನು ಕೋಣೆಯ ಒಳಗಿನಿಂದ, ಹಾಸಿಗೆಯ ಸ್ಥಳ ಮತ್ತು ಕಿಟಕಿ ಎರಡೂ ಕಾಣುವಂತೆ ತೆಗೆಯುವುದು. ಮೊಬೈಲ್ ಕ್ಯಾಮೆರಾಗಳು ಬೆಳಕನ್ನು ತಾವಾಗಿಯೇ ಹೊಂದಿಸಿಕೊಳ್ಳುವುದರಿಂದ, ದೀಪ ಉರಿಯುವಾಗ ಮತ್ತು ಆರಿರುವಾಗ ಒಂದೇ ಸ್ಥಳದಿಂದ ಎರಡು ಚಿತ್ರಗಳನ್ನು ತೆಗೆದು ಹೋಲಿಸುವುದು.
- ಮೂಲ ಚಿತ್ರಗಳನ್ನು ಮೊಬೈಲ್‌ನಿಂದ ಅಳಿಸದಿರುವುದು. ವಿದ್ಯುನ್ಮಾನ ದಾಖಲೆಗಳನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ರ ಕಲಂ 63 ರಡಿ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ.
- ನಿದ್ರಾಹೀನತೆಗೆ ಚಿಕಿತ್ಸೆ ಪಡೆದಿದ್ದಲ್ಲಿ ವೈದ್ಯರ ಚೀಟಿಯನ್ನು ಇಟ್ಟುಕೊಳ್ಳುವುದು.

ಚಿತ್ರಗಳನ್ನು ತೆಗೆಯುವಾಗ ನೆರೆಮನೆಯ ಒಳಭಾಗ ಅಥವಾ ಅಲ್ಲಿನ ವ್ಯಕ್ತಿಗಳು ಸೆರೆಯಾಗದಂತೆ ಎಚ್ಚರ ವಹಿಸತಕ್ಕದ್ದು.

6. ಯಾವ ದೀಪಕ್ಕೆ ಯಾವ ಕಛೇರಿ

ಅರ್ಜಿಯನ್ನು ಸಂಬಂಧಪಡದ ಕಛೇರಿಗೆ ಸಲ್ಲಿಸಿದಲ್ಲಿ ಅನಗತ್ಯ ವಿಳಂಬವಾಗುತ್ತದೆ. ಆದ್ದರಿಂದ ದೀಪವು ಯಾರಿಗೆ ಸೇರಿದ್ದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

(1) ಬೀದಿ ದೀಪ: ಬೆಳಕು ಬರುತ್ತಿರುವುದು ಬೀದಿ ದೀಪದಿಂದಾಗಿದ್ದಲ್ಲಿ, ಕಂಬದ ಸಂಖ್ಯೆ ಮತ್ತು ರಸ್ತೆಯ ವಿವರಗಳೊಂದಿಗೆ ನಗರ ಸ್ಥಳೀಯ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಅರ್ಜಿ ಸಲ್ಲಿಸುವುದು. ದೀಪ ತೆಗೆಯುವಂತೆ ಕೋರದೆ, ಅದರ ಕೋನ ಸರಿಪಡಿಸಲು ಅಥವಾ ಮನೆಯ ಕಡೆಗೆ ಮರೆ ಅಳವಡಿಸಲು ಕೋರತಕ್ಕದ್ದು. ಬೆಂಗಳೂರಿನಲ್ಲಿ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಸೆಪ್ಟೆಂಬರ್ 2025 ರಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಮನೆಯು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ನೋಡಿಕೊಂಡು ಅರ್ಜಿ ಸಲ್ಲಿಸುವುದು.

(2) ವಿದ್ಯುತ್ ಕಂಬಕ್ಕೆ ಕಟ್ಟಿದ ಖಾಸಗಿ ದೀಪ: ವಿದ್ಯುತ್ ಕಂಬದ ಮೇಲೆ ಖಾಸಗಿ ದೀಪ ಅಳವಡಿಸಿದ್ದರೆ ಅಥವಾ ತಂತಿಯಿಂದ ನೇರವಾಗಿ ವಿದ್ಯುತ್ ಪಡೆಯುತ್ತಿದ್ದರೆ ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಂಪನಿಗೆ ತಿಳಿಸುವುದು. ಸಹಾಯವಾಣಿ ಸಂಖ್ಯೆ 1912. ಅನಧಿಕೃತವಾಗಿ ವಿದ್ಯುತ್ ಪಡೆಯುವುದು ವಿದ್ಯುಚ್ಛಕ್ತಿ ಅಧಿನಿಯಮ, 2003 ರ ಕಲಂ 135 ರಡಿ ಅಪರಾಧವಾಗಿರುತ್ತದೆ.

(3) ಅಂಗಡಿ, ಜಾಹೀರಾತು ಫಲಕ, ಆಟದ ಅಂಗಣ: ವಾಣಿಜ್ಯ ಉದ್ದೇಶದ ದೀಪಗಳಾಗಿದ್ದಲ್ಲಿ ಉದ್ದಿಮೆ ಪರವಾನಗಿ ಅಥವಾ ಜಾಹೀರಾತು ಅನುಮತಿಯ ಷರತ್ತುಗಳನ್ನು ಪರಿಶೀಲಿಸುವಂತೆ ನಗರ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸುವುದು. ಅನುಮತಿ ನೀಡಲಾಗಿದೆಯೇ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005 ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ತಿಳಿಯಬಹುದು. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರದಂತಿರತಕ್ಕದ್ದು. ಮಾಹಿತಿ ನೀಡಲು 30 ದಿನಗಳ ಕಾಲಾವಕಾಶವಿರುತ್ತದೆ.

(4) ವಸತಿ ಸಮುಚ್ಚಯ: ಅಪಾರ್ಟ್‌ಮೆಂಟ್‌ಗಳ ಸಾಮಾನ್ಯ ಪ್ರದೇಶದ ದೀಪಗಳು ಮಾಲೀಕರ ಸಂಘದ ನಿರ್ವಹಣೆಯಲ್ಲಿರುವುದರಿಂದ ಸಂಘದ ಕಾರ್ಯದರ್ಶಿಯವರಿಗೆ ಲಿಖಿತವಾಗಿ ತಿಳಿಸಿ, ವಿಷಯವನ್ನು ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲು ಕೋರುವುದು.

(5) ಖಾಸಗಿ ಮನೆಯ ದೀಪ: ಕ್ರಮ ಸಂಖ್ಯೆ 7 ಮತ್ತು 8 ರಲ್ಲಿ ವಿವರಿಸಿದಂತೆ ಕ್ರಮ ಕೈಗೊಳ್ಳುವುದು.

ಪೊಲೀಸ್ ಠಾಣೆಯು ಸಿವಿಲ್ ವಿವಾದವನ್ನು ತೀರ್ಮಾನಿಸುವುದಿಲ್ಲ. ಆದರೆ ದೀಪದ ವಿಷಯದಲ್ಲಿ ಬೆದರಿಕೆ, ಹಲ್ಲೆ ಅಥವಾ ಶಾಂತಿಭಂಗದ ಸಂಭವವಿದ್ದಲ್ಲಿ ಠಾಣೆಗೆ ದೂರು ನೀಡಬಹುದು. ತುರ್ತು ಸಂದರ್ಭದಲ್ಲಿ 112 ಕ್ಕೆ ಕರೆ ಮಾಡುವುದು.

ಎಲ್ಲಾ ಅರ್ಜಿಗಳಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆಯತಕ್ಕದ್ದು.

7. ಕಾನೂನು ಸೇವೆಗಳು ಮತ್ತು ಲೋಕ ಅದಾಲತ್

ಮೊಕದ್ದಮೆ ಹೂಡುವ ಮುನ್ನವೇ ವಿವಾದವನ್ನು ರಾಜಿ ಮೂಲಕ ಬಗೆಹರಿಸಿಕೊಳ್ಳಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಇವು ನ್ಯಾಯಾಲಯಗಳ ಆವರಣದಲ್ಲಿ ಕಾರ್ಯನಿರ್ವಹಿಸುತ್ತವೆ. ಉಭಯ ಪಕ್ಷಗಾರರಿಗೂ ತಿಳುವಳಿಕೆ ಪತ್ರ ಕಳುಹಿಸಿ ಕರೆಸಲಾಗುತ್ತದೆ. ಲೋಕ ಅದಾಲತ್‌ನಲ್ಲಿ ಆದ ಒಪ್ಪಂದವು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987 ರ ಕಲಂ 21 ರನ್ವಯ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮನಾಗಿದ್ದು, ಅದರ ವಿರುದ್ಧ ಮೇಲ್ಮನವಿ ಇರುವುದಿಲ್ಲ. ಒಬ್ಬರೇ ಒಪ್ಪಿದರೆ ಸಾಲದು. ಇಬ್ಬರೂ ಒಪ್ಪಿದಲ್ಲಿ ಮಾತ್ರ ಒಪ್ಪಂದವಾಗುತ್ತದೆ. ಒಪ್ಪಂದದಲ್ಲಿ ದೀಪದ ಸ್ಥಳ, ದಿಕ್ಕು, ವ್ಯಾಟ್ ಮತ್ತು ಆರಿಸುವ ವೇಳೆಯನ್ನು ಸ್ಪಷ್ಟವಾಗಿ ನಮೂದಿಸುವುದರಿಂದ ಮುಂದಿನ ವಿವಾದವನ್ನು ತಪ್ಪಿಸಬಹುದು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100.

8. ನ್ಯಾಯಾಲಯ ಮತ್ತು ದಂಡಾಧಿಕಾರಿಗಳ ಮುಂದೆ ಪರಿಹಾರ

(ಅ) ಸಿವಿಲ್ ನ್ಯಾಯಾಲಯ: ನಿರ್ದಿಷ್ಟ ಪರಿಹಾರ ಅಧಿನಿಯಮ, 1963 ರ ಕಲಂ 38 ರಡಿ ಶಾಶ್ವತ ನಿರ್ಬಂಧಕಾಜ್ಞೆ ಹಾಗೂ ಕಲಂ 39 ರಡಿ ದೀಪವನ್ನು ತಿರುಗಿಸುವಂತೆ ಅಥವಾ ತೆಗೆಯುವಂತೆ ಆದೇಶಾತ್ಮಕ ನಿರ್ಬಂಧಕಾಜ್ಞೆ ಕೋರಿ ದಾವೆ ಹೂಡಬಹುದು. ದಾವೆ ಇತ್ಯರ್ಥವಾಗುವವರೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆ, 1908 ರ ಆದೇಶ 39 ರಡಿ ತಾತ್ಕಾಲಿಕ ನಿರ್ಬಂಧಕಾಜ್ಞೆ ಕೋರಬಹುದು. ತೊಂದರೆಯು ಸಾಮಾನ್ಯ ವ್ಯಕ್ತಿಯ ದೈನಂದಿನ ಸುಖ ಜೀವನಕ್ಕೆ ಗಣನೀಯವಾಗಿ ಅಡ್ಡಿಯಾಗುವಂತಿದೆಯೇ ಎಂಬುದನ್ನು, ಆ ಪ್ರದೇಶದ ಸ್ವರೂಪವನ್ನು ಹಾಗೂ ದೀಪದ ಅಗತ್ಯವನ್ನು ನ್ಯಾಯಾಲಯವು ಪರಿಗಣಿಸುತ್ತದೆ. ಕೇವಲ ಬೆಳಕು ಕಾಣುತ್ತದೆ ಎಂಬುದು ಸಾಕಾಗುವುದಿಲ್ಲ.

(ಆ) ಕಾರ್ಯನಿರ್ವಾಹಕ ದಂಡಾಧಿಕಾರಿ: ಸಾರ್ವಜನಿಕ ಸ್ಥಳದಲ್ಲಿನ ಉಪದ್ರವ ಅಥವಾ ಸಮುದಾಯದ ಆರೋಗ್ಯಕ್ಕೆ, ದೈಹಿಕ ನೆಮ್ಮದಿಗೆ ಹಾನಿಕರವಾದ ವ್ಯಾಪಾರ ವಹಿವಾಟಿನ ವಿರುದ್ಧ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ರ ಕಲಂ 152 ರಡಿ ಜಿಲ್ಲಾ ದಂಡಾಧಿಕಾರಿ ಅಥವಾ ಉಪವಿಭಾಗೀಯ ದಂಡಾಧಿಕಾರಿಯವರು ಷರತ್ತುಬದ್ಧ ಆದೇಶ ಹೊರಡಿಸಬಹುದಾಗಿದೆ. ಜುಲೈ 1, 2024 ಕ್ಕೆ ಮೊದಲು ಈ ಅಧಿಕಾರವು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133 ರಲ್ಲಿತ್ತು. ಕೇವಲ ಒಂದು ಮನೆಗೆ ಆಗುವ ತೊಂದರೆಗೆ ಈ ಕಲಂ ಅನ್ವಯಿಸುವುದಿಲ್ಲವಾದ್ದರಿಂದ, ಬಾಧಿತರಾದ ಹಲವು ನಿವಾಸಿಗಳು ಒಟ್ಟಾಗಿ ಸಹಿ ಮಾಡಿ ಅರ್ಜಿ ಸಲ್ಲಿಸುವುದು ಸೂಕ್ತ.

9. ಮಾಡಬಾರದ ಕಾರ್ಯಗಳು

ನೆರೆಮನೆಯ ದೀಪದ ತಂತಿ ಕತ್ತರಿಸುವುದು, ಕಲ್ಲೆಸೆದು ದೀಪ ಒಡೆಯುವುದು, ಆವರಣ ಪ್ರವೇಶಿಸಿ ದೀಪ ತಿರುಗಿಸುವುದು ಹಾಗೂ ಪ್ರತೀಕಾರವಾಗಿ ಅವರ ಕಿಟಕಿಗೆ ದೀಪ ಹಾಯಿಸುವುದು ಸರ್ವಥಾ ಕೂಡದು. ಇವು ಅಪಾಯಕಾರಿಯಾಗಿರುವುದಲ್ಲದೆ, ಸ್ವತ್ತಿಗೆ ಹಾನಿ ಹಾಗೂ ಅತಿಕ್ರಮ ಪ್ರವೇಶದ ಅಪರಾಧಗಳಾಗುತ್ತವೆ. ಅದುವರೆಗೆ ದೂರುದಾರರಾಗಿದ್ದವರು ಆರೋಪಿಗಳಾಗುವ ಪ್ರಸಂಗ ಒದಗುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಾಡಿಗೆದಾರರು ದೂರು ನೀಡಬಹುದೇ?
ಉತ್ತರ: ನೀಡಬಹುದು. ವಾಸವಾಗಿರುವವರಿಗೆ ಆಗುವ ತೊಂದರೆಯೇ ಇಲ್ಲಿ ಮುಖ್ಯ. ಮನೆಯ ಮಾಲೀಕರಿಗೂ ವಿಷಯ ತಿಳಿಸುವುದು ಉತ್ತಮ.

ಪ್ರಶ್ನೆ: ದೀಪವು ಹಲವು ವರ್ಷಗಳಿಂದ ಉರಿಯುತ್ತಿದ್ದರೆ ಕಾಲಮಿತಿ ಮೀರುತ್ತದೆಯೇ?
ಉತ್ತರ: ಮುಂದುವರಿಯುತ್ತಿರುವ ಉಪದ್ರವದಲ್ಲಿ ಕಾಲಮಿತಿ ಅಧಿನಿಯಮ, 1963 ರ ಕಲಂ 22 ರನ್ವಯ ಪ್ರತಿ ಕ್ಷಣವೂ ಹೊಸ ಅವಧಿ ಆರಂಭವಾಗುತ್ತದೆ. ಆದಾಗ್ಯೂ ವಿಳಂಬವು ತಾತ್ಕಾಲಿಕ ಆಜ್ಞೆ ಪಡೆಯಲು ಅಡ್ಡಿಯಾಗಬಹುದು.

ಪ್ರಶ್ನೆ: ಮದುವೆ, ಗೃಹಪ್ರವೇಶ, ದೀಪಾವಳಿಯ ಅಲಂಕಾರಕ್ಕೂ ದೂರು ನೀಡಬಹುದೇ?
ಉತ್ತರ: ಕೆಲವು ದಿನಗಳ ತಾತ್ಕಾಲಿಕ ದೀಪಾಲಂಕಾರವನ್ನು ಸಾಮಾನ್ಯವಾಗಿ ಉಪದ್ರವವೆಂದು ಪರಿಗಣಿಸಲಾಗುವುದಿಲ್ಲ. ಸಹಕರಿಸುವುದು ಸೂಕ್ತ.

ಪ್ರಶ್ನೆ: ತಮ್ಮ ಕಿಟಕಿಗೆ ದಪ್ಪ ಪರದೆ ಹಾಕಿಕೊಂಡರೆ ದೂರಿನ ಹಕ್ಕು ಹೋಗುತ್ತದೆಯೇ?
ಉತ್ತರ: ಹೋಗುವುದಿಲ್ಲ. ಪರಿಹಾರ ದೊರೆಯುವವರೆಗೆ ಪರದೆ ಬಳಸುವುದು ವಿವೇಕಯುತ. ಆದರೆ ಗಾಳಿಗಾಗಿ ಕಿಟಕಿ ತೆರೆದಿಡಬೇಕಾದ ಬೇಸಿಗೆಯಲ್ಲಿ ಪರದೆಯು ಪೂರ್ಣ ಪರಿಹಾರವಾಗಲಾರದು ಎಂಬುದನ್ನು ಅರ್ಜಿಯಲ್ಲಿ ನಮೂದಿಸಬಹುದು.

11. ಹೊರದೀಪ ಅಳವಡಿಸುವವರ ಗಮನಕ್ಕೆ

ಹೊಸದಾಗಿ ದೀಪ ಅಳವಡಿಸುವವರು ಕತ್ತಲಾದ ನಂತರ ಒಮ್ಮೆ ಬೀದಿಯಲ್ಲಿ ನಿಂತು, ಬೆಳಕು ತಮ್ಮ ಆವರಣದ ಗಡಿಯನ್ನು ದಾಟಿ ಪಕ್ಕದವರ ಕಿಟಕಿಗೆ ಬೀಳುತ್ತಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು. ಎಲೆಕ್ಟ್ರಿಷಿಯನ್ ಏಣಿಯ ಮೇಲಿರುವಾಗಲೇ ದೀಪದ ಮುಖವನ್ನು ಕೆಳಕ್ಕೆ ತಿರುಗಿಸಿದಲ್ಲಿ ಯಾವುದೇ ಹೆಚ್ಚುವರಿ ವೆಚ್ಚವಿರುವುದಿಲ್ಲ, ಮುಂದೆ ಅರ್ಜಿ ಹಾಗೂ ವಿಚಾರಣೆಗಳ ಅವಶ್ಯಕತೆಯೂ ಉದ್ಭವಿಸುವುದಿಲ್ಲ.